ನಾನು ತೆಗೆದುಹಾಕಿದ ಹೂಂ

ಡೈರಿಯ ಆ ಪುಟದಲ್ಲಿ ಕೆಲಸದ ಬಗ್ಗೆ ಎರಡೇ ವಾಕ್ಯಗಳಿವೆ: ‘ಒಂಬತ್ತೂ ಕಥೆಗಳ ಗದ್ದಲ ತೆಗೆಸಿದೆ. ಈಗ ಸ್ವಚ್ಛವಾಗಿವೆ.’ ಉಳಿದದ್ದೆಲ್ಲ ಆ ದಿನದ ಸೆಕೆಯ ವರ್ಣನೆ.

ನೆನಪನ್ನು ನಂಬಬಾರದು ಎಂದೇ ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದವಳು ನಾನು. ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಡೈರಿಯೂ ಅಷ್ಟೇ ಎಂದು ತಿಳಿದದ್ದು ಮಾತ್ರ ತಡವಾಗಿ. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ನಡೆದದ್ದು ಎಷ್ಟು, ನಾನು ಆಮೇಲೆ ಹೊಂದಿಸಿಕೊಂಡದ್ದು ಎಷ್ಟು ಎಂದು ನನಗೇ ಪೂರ್ತಿ ಖಾತ್ರಿಯಿಲ್ಲ. ಖಾತ್ರಿಯಿರುವುದು ಒಂದು ಸುಳ್ಳಿನ ಬಗ್ಗೆ. ಅದನ್ನು ನಾನು ಹೇಳಿದ್ದೆ.

ಆಗ ಮಾಡುತ್ತಿದ್ದ ಕೆಲಸ ಇದು. ಕಮಲಾಪುರದ ಸುತ್ತಲಿನ ಲಂಬಾಣಿ ತಾಂಡಾಗಳ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತನ್ನಷ್ಟೇ ಕೇಳಿ ಬೆಳೆದು ಒಂದನೇ ತರಗತಿಗೆ ಬರುತ್ತಾರೆ, ಪುಸ್ತಕ ಕನ್ನಡದ್ದು. ಅವರ ಮಾತಿನಲ್ಲೇ ಒಂದು ಡಜನ್ ಕಥೆಗಳನ್ನು ರೆಕಾರ್ಡ್ ಮಾಡಿ, ಅವನ್ನೇ ಕನ್ನಡ ಲಿಪಿಯಲ್ಲಿ ಬರೆದು, ಚಿತ್ರ ಹಾಕಿಸಿ, ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟುಕೊಡುವುದು. ಮುಕ್ತ ಪಾಠ ಎನ್ನುತ್ತಿದ್ದೆವು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಂಚಬಹುದು, ತಮ್ಮ ಶಾಲೆಗೆ ತಕ್ಕಂತೆ ತಿದ್ದಿಕೊಳ್ಳಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಕಲಬುರಗಿಯಲ್ಲಿ ನಾವು ನಾಲ್ಕೈದು ಜನ ಇದ್ದೆವು. ಈ ಕೆಲಸವನ್ನು ತಾಂಡಾದವರ ಜೊತೆ ಕೂತೇ ಮಾಡಬೇಕು ಎಂದು ಸಭೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಹೇಳುತ್ತಿದ್ದವಳು ನಾನೇ. ಹೇಳುವಾಗ ದನಿ ಸ್ವಲ್ಪ ಏರುತ್ತಿತ್ತು.

ಕಮಲಾಪುರದಲ್ಲಿ ಬಸ್ಸಿಳಿದು, ಬಾಳೆಹಣ್ಣಿನ ಗಾಡಿಗಳ ಪಕ್ಕ ನಿಲ್ಲುವ ಟಂಟಂ ಆಟೊ ಹಿಡಿದರೆ ಆ ತಾಂಡಾ ಸಿಗುತ್ತದೆ. ಅಲ್ಲೇ ಹುಟ್ಟಿ, ಅಲ್ಲಿನ ಶಾಲೆಯಲ್ಲೇ ಕಲಿಸುತ್ತಿದ್ದ ಮಾಸ್ತರು ನನ್ನನ್ನು ಇಬ್ಬರು ವಯಸ್ಸಾದ ಹೆಂಗಸರ ಹತ್ತಿರ ಕರೆದೊಯ್ದರು. ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದ ವಾರಗಿತ್ತಿಯರು. ಅವರನ್ನು ಹಿರಿಯಮ್ಮ, ಕಿರಿಯಮ್ಮ ಎಂದು ಕರೆಯುತ್ತೇನೆ. ಕಥೆ ಹೇಳುವವರು ಹಿರಿಯಮ್ಮ. ಎರಡು ಮನೆಗಳ ನಡುವೆ ಎದೆಯೆತ್ತರದ ಒಂದು ಗೋಡೆ ಇತ್ತು.

“ಮೋರಿ ನೀರಿನ ಸಲುವಾಗಿ ಇಬ್ಬರೂ ಮಾತ ಬಿಟ್ಟಾರ್ರಿ ಮೇಡಂ,” ಎಂದು ಮಾಸ್ತರು ದಾರಿಯಲ್ಲೇ ಹೇಳಿದ್ದರು. “ಮಜ್ಜಿಗಿ ಸುದ್ದಾ ಕೇಳಂಗಿಲ್ಲ. ಕಥಿ ಇದ್ದಾಗ ಅಷ್ಟ ಒಂದೇ ಕಟ್ಟಿ ಮ್ಯಾಲ ಕೂಡ್ತಾರ.”

“ಯಾಕ್ರಿ?”

“ಹಿರೇಕಿಗಿ ಹೂಂ ಅನ್ನವರು ಬೇಕಲ್ರಿ. ಬ್ಯಾರೆ ಯಾರ ಅಂದ್ರೂ ಅಕಿಗಿ ಸೇರಂಗಿಲ್ಲ.”

ಅವರಲ್ಲಿ ಕಥೆ ಹೇಳುವ ರೀತಿಯೇ ಹಾಗೆ. ಒಬ್ಬರು ಒಂದು ಮಾತು ಹೇಳಿ ನಿಲ್ಲುತ್ತಾರೆ, ಪಕ್ಕದಲ್ಲಿ ಕೂತವರು ಹೂಂ ಎನ್ನುತ್ತಾರೆ, ಕಥೆ ಮುಂದಕ್ಕೆ ಹೋಗುತ್ತದೆ. ಹೂಂ ಬರದಿದ್ದರೆ ಹೋಗುವುದಿಲ್ಲ. ಮಾಸ್ತರು ಇದನ್ನು ನನಗೆ ಸ್ಪಷ್ಟವಾಗಿ ಹೇಳಿದ್ದರು. ಡೈರಿಯಲ್ಲಿ ಬರೆದುಕೊಂಡೂ ಇದ್ದೇನೆ, ಕೆಳಗೆ ಗೆರೆ ಎಳೆದು. ಅಷ್ಟೇ ಏಕೆ, ಎಂ.ಎ. ಪರೀಕ್ಷೆಯಲ್ಲಿ ಕಥನದಲ್ಲಿ ಕೇಳುಗರ ಪಾತ್ರದ ಬಗ್ಗೆ ನಾಲ್ಕು ಪುಟ ಉತ್ತರ ಬರೆದು ಒಳ್ಳೆಯ ಅಂಕ ತೆಗೆದುಕೊಂಡವಳು ನಾನು. ಗೊತ್ತಿರಲಿಲ್ಲ ಎಂಬ ನೆವ ನನಗೆ ಸಿಗುವುದಿಲ್ಲ.

ಮೊದಲ ದಿನ ಮಧ್ಯಾಹ್ನ ಕಟ್ಟೆಯ ಮೇಲೆ ಫೋನು ಇಟ್ಟೆ. ಹಿರಿಯಮ್ಮ ಬಿಸಿಲಿನ ಕಡೆ ನೋಡಿ ನಕ್ಕರು.

“ಹಗಲಿ ಕಥಿ ಹೇಳಿದ್ರ ದಾರಿ ಹೋಗೋರು ದಾರಿ ತಪ್ಪತಾರಂತ ನಮ್ಮಲ್ಲಿ. ನಿನ್ನ ಸಲುವಾಗಿ ಇವತ್ತ ಯಾರ ಎಮ್ಮಿ ಹೊಳಿ ಕಡಿ ಹೋಗ್ತದೋ ಏನೋ ತಂಗಿ.”

“ಅಕಿ ಎಮ್ಮೀನೇ ಹೋಗ್ಲಿ,” ಎಂದರು ಕಿರಿಯಮ್ಮ ನನ್ನ ಕಡೆ ತಿರುಗಿ. ಹಿರಿಯಮ್ಮನ ಜೊತೆ ಮಾತಿಲ್ಲವಾದ್ದರಿಂದ ಅವರ ಮೇಲಿನ ಮಾತೆಲ್ಲ ನನ್ನ ಮೂಲಕವೇ ಹೋಗುತ್ತಿತ್ತು.

ಒಪ್ಪಿಗೆಯ ಕಾಗದ ತೆಗೆದೆ. ಕಥೆಯನ್ನು ಯಾರು ಬೇಕಾದರೂ ತಿದ್ದಬಹುದು, ಹೆಚ್ಚು ಕಡಿಮೆ ಮಾಡಬಹುದು ಎಂದು ಓದಿ ಹೇಳಿದೆ.

“ಕಥಿ ಏನ್ ಕುಪ್ಪಸ ಏನ? ಹೆಚ್ಚ ಕಡಿಮಿ ಮಾಡ್ಲಾಕ,” ಎಂದರು ಕಿರಿಯಮ್ಮ. ನಾವೆಲ್ಲ ನಕ್ಕೆವು. ಹಿರಿಯಮ್ಮ ಹೆಬ್ಬೆಟ್ಟು ಒತ್ತಿದರು. ಕಿರಿಯಮ್ಮ ತಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದರು. “ನಿಮ್ಮದು ಬ್ಯಾಡ್ರಿ ಯಾಡಿ,” ಎಂದೆ. ಯಾಡಿ ಎಂದರೆ ಅವರ ಮಾತಿನಲ್ಲಿ ತಾಯಿ. ಕಾಗದದಲ್ಲಿ ಸಹಿಗೆ ‘ಕಥೆ ಹೇಳುವವರು’ ಎಂಬ ಒಂದೇ ಸಾಲು ಇತ್ತು. ಆ ಕಾಗದ ತಯಾರಿಸಿದವಳು ನಾನು.

ಮೂರು ತಿಂಗಳಲ್ಲಿ ಒಂಬತ್ತು ಕಥೆಗಳಾದವು. ಕಲಬುರಗಿಯ ಮಾರ್ಕೆಟ್ ಹತ್ತಿರ ಮದುವೆಯ ವಿಡಿಯೋ ಮಾಡುವ ಒಬ್ಬರ ಅಂಗಡಿ ಇದೆ. ರೆಕಾರ್ಡಿಂಗ್ ಸರಿಪಡಿಸುವ ಕೆಲಸವನ್ನು ಅವರಿಗೆ ಕೊಟ್ಟಿದ್ದೆವು. ಬೇರೆ ಕಡೆಯವರು ಮಾಡಿದ ಇಂಥ ಪಾಠಗಳನ್ನು ನಾನು ಕೇಳಿದ್ದೆ. ಒಂದೇ ದನಿ, ಹಿಂದೆ ಯಾವ ಸದ್ದೂ ಇಲ್ಲ. ನಮ್ಮದರಲ್ಲಿ ಪ್ರತಿ ವಾಕ್ಯಕ್ಕೂ ಒಂದು ಹೂಂ, ನಡುನಡುವೆ ಗೊಣಗಾಟ. ನನಗೆ ಅದು ಹಳ್ಳಿಗಾಡಿನ ಕೆಲಸ ಅನ್ನಿಸಿತು. ಈ ಮಾತನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೆ ಅನ್ನಿಸಿದ್ದು ಅದೇ.

“ಈ ಹೂಂ ತಗೀರಿ ಭಾಯ್,” ಎಂದೆ.

“ಕಾಯ್ಕು ಮೇಡಂ? ಛಲೋ ಕೇಳಸ್ತದ. ನಮ್ಮ ದಾದಿ, ನಮ್ಮಪ್ಪನ ಅವ್ವ, ಕಥಿ ಹೇಳೋವಾಗ ನಾವು ಹೂಂ ಅನ್ನದಿದ್ರ ಎದ್ದೇ ಹೋಗ್ತಿದ್ರು.”

“ಮಕ್ಕಳ ಲಕ್ಷ್ಯ ಆ ಕಡಿ ಹೋಗ್ತದ.”

“ಆಪ್ಕಿ ಮರ್ಜಿ,” ಎಂದು ಅವರು ಇಯರ್‌ಫೋನ್ ಹಾಕಿಕೊಂಡರು. ಎರಡು ದಿನದ ಕೆಲಸ. ಸಂಜೆ ನಾನು ಕುಸನೂರಿನ ಬಾಡಿಗೆ ಕೋಣೆಗೆ ಬಂದು ಡೈರಿಯಲ್ಲಿ ಆ ಎರಡು ವಾಕ್ಯ ಬರೆದೆ. ಅದೇ ವಾರ ಕಥೆಗಳನ್ನು ಅಂತರ್ಜಾಲಕ್ಕೆ ಏರಿಸಿದೆವು.

ಆಮೇಲೆ ತಾಂಡಾದ ಶಾಲೆಯಲ್ಲಿ ಅವನ್ನು ಮಕ್ಕಳಿಗೆ ಕೇಳಿಸಿದ ದಿನ. ಮಾಸ್ತರು ವರಾಂಡದಲ್ಲಿ ಜಮಖಾನೆ ಹಾಸಿ, ಸ್ಪೀಕರ್ ಇಟ್ಟಿದ್ದರು. ವಾರಗಿತ್ತಿಯರಿಬ್ಬರೂ ಹಬ್ಬಕ್ಕೆ ತೆಗೆಯುವ ಕನ್ನಡಿಯ ಲಂಗ ಉಟ್ಟು ಬಂದು, ಒಬ್ಬರು ಈ ಕಂಬಕ್ಕೆ, ಒಬ್ಬರು ಆ ಕಂಬಕ್ಕೆ ಒರಗಿ ಕೂತರು. ಮೊದಲು ಹಾಕಿದ್ದು ಉಪ್ಪು ಹೊತ್ತ ಎತ್ತುಗಳ ಕಥೆ. ಹಿರಿಯಮ್ಮನ ದನಿ ಗಟ್ಟಿಯಾಗಿ, ಚೊಕ್ಕವಾಗಿ ಬಂತು. ಮಕ್ಕಳು ಸ್ಪೀಕರಿನ ಕಡೆ ಒಮ್ಮೆ, ಅವರ ಬಾಯಿಯ ಕಡೆ ಒಮ್ಮೆ ನೋಡಿದರು.

ಕಿರಿಯಮ್ಮ ಕತ್ತು ಮುಂದೆ ಚಾಚಿ ಕಾಯುತ್ತಿದ್ದರು. ಮೊದಲ ಮಾತು ಮುಗಿಯಿತು. ಅವರ ಹೂಂ ಬರಬೇಕಾದ ಜಾಗದಲ್ಲಿ ಎರಡನೇ ಮಾತು ಬಂತು. ಎರಡನೆಯದು ಮುಗಿದು ಮೂರನೆಯದು ಬಂತು. ಆಗ ಅವರು ತಾವೇ ಕಂಬದ ಬುಡದಲ್ಲಿ ಕೂತು, ಸಣ್ಣಗೆ, ಸ್ಪೀಕರಿಗೆ ಹೂಂ ಅನ್ನತೊಡಗಿದರು. ಸ್ಪೀಕರ್ ನಿಲ್ಲಲಿಲ್ಲ. ಅವರ ಹೂಂ ಮುಂದಿನ ಮಾತಿನ ಮೇಲೆ ಬೀಳುತ್ತಿತ್ತು. ಮಕ್ಕಳು ಕಿಸಕ್ಕೆಂದರು. ಅವರು ಸುಮ್ಮನಾದರು.

ಕಥೆ ಮುಗಿದ ಮೇಲೆ ಕೇಳಿದರು: “ನಂದು ಎಲ್ಲಿ?”

ನಾನು ಹೇಳಿದೆ: “ಮಷಿನ್ ಹಿಡದಿಲ್ರಿ ಯಾಡಿ. ನೀವು ದೂರ ಕುಂತಿದ್ರಿ ಅಲ್ಲ.”

ಇದೇ ಆ ಸುಳ್ಳು. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು ಎಂದು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಯೋಚಿಸದೆ ಬಾಯಿಗೆ ಬಂದದ್ದು ಇಷ್ಟು ಅನುಕೂಲವಾಗಿ ಹೇಗೆ ಬಂತು?

“ನಾ ದೂರ ಎಲ್ಲಿ ಕುಂತಿದ್ದೆ? ಮಗ್ಗಲದಾಗೇ ಇದ್ದೆ,” ಎಂದ ಕಿರಿಯಮ್ಮನಿಗೆ ಏನೋ ನೆನಪಾಯಿತು. ಮುಖ ಆ ಕಂಬದ ಕಡೆ ತಿರುಗಿತು. ಮೊದಲ ದಿನ ಕಥೆ ಶುರುವಾಗುವ ಮುಂಚೆ ಹಿರಿಯಮ್ಮ ಅವರ ಮುಖ ನೋಡದೆ, ಗೋಡೆಗೆ ಹೇಳುವಂತೆ ‘ಸರದು ಕುಂದರು’ ಎಂದಿದ್ದರು. ಅವರು ಹಿಂದಕ್ಕೆ ಸರಿದು ಕೂತಿದ್ದರು. ಈಗ ಅವರು ಅದಕ್ಕೆ ಒಂದು ಅರ್ಥ ಕಂಡುಕೊಂಡದ್ದು ನನ್ನ ಕಣ್ಣೆದುರೇ.

“ಓಹೋ,” ಎಂದರು ಮಾಸ್ತರಿಗೆ ಹೇಳುವಂತೆ. “ಅದಕ್ಕೇನ ಸರಸಿದ್ದು.” ಲಂಗ ಜಾಡಿಸಿಕೊಂಡು ಎದ್ದು ಹೋದರು. ಹಿರಿಯಮ್ಮ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಆ ದಿನದ ಡೈರಿ: ‘ಮಕ್ಕಳಿಗೆ ಬಹಳ ಹಿಡಿಸಿತು. ಕಿರಿಯಮ್ಮನಿಗೆ ಕೊಂಚ ಬೇಸರ.’

ಹದಿನೈದು ದಿನ ಬಿಟ್ಟು ಮಾಸ್ತರು ಫೋನು ಮಾಡಿದರು.

“ಹತ್ತನೇದು ಆಗಂಗಿಲ್ಲ ಕಾಣ್ತದ್ರಿ ಮೇಡಂ. ಇಬ್ಬರೂ ಕೂಡವಲ್ರು.”

“ಮೋರಿ ಜಗಳೇನ್ರಿ ಮತ್ತ?”

“ಮೋರಿದಾದ್ರ ಛಲೋ ಇತ್ರಿ, ಅದು ಹಳೇದು. ನಳದ ಹಂತ್ಯಾಕ ಸಣ್ಣಾಕಿ ಎಲ್ಲರ ಮುಂದ ಹೇಳ್ಲಾಕತ್ತಾಳ, ತನ್ನ ಹೆಸರ ಒಂದೇ ಬರ್ಲಂತ ಅಕಿ ನನಗ ಹಿಂದ ತಳ್ಳ್ಯಾಳ ಅಂತ. ತಾಂಡಾದಾಗ ಕಥಿನೇ ನಿಂತದ. ಹುಡುಗರು ಇಬ್ಬರ ಬಾಗಲಕ್ಕೂ ಹೋಗಿ ಬಂದಾವ, ಇಬ್ಬರೂ ಓಡಿಸ್ಯಾರ.”

“ಹಿರಿಯಮ್ಮ ಏನಂತಾರ?”

“ಏನೂ ಅನ್ನವಲ್ಲಳು. ಅದೇ ತಿಳಿವಲ್ದು ನನಗ.”

ಆಗಲೇ ಹೇಳಬಹುದಿತ್ತು, ಫೋನಿನಲ್ಲೇ. ಹೇಳಲಿಲ್ಲ. ಬಸ್ ನಿಲ್ದಾಣದ ತನಕ ಎರಡು ಸಲ ಹೋಗಿ ತಿರುಗಿ ಬಂದೆ ಎಂದು ನೆನಪಿದೆ. ಡೈರಿಯಲ್ಲಿ ಅದಿಲ್ಲ. ಒಂದೇ ಸಲ ಇದ್ದೀತು, ನನ್ನ ಸಂಕಟವನ್ನು ದೊಡ್ಡದು ಮಾಡಿಕೊಳ್ಳಲು ನೆನಪು ಎರಡು ಮಾಡಿದ್ದೀತು. ನಾನು ಅಂದುಕೊಳ್ಳುತ್ತಿದ್ದದ್ದು ಇಷ್ಟು: ಹೂಂ ತೆಗೆಸಿದ್ದು ತಪ್ಪು, ಸುಳ್ಳು ಹೇಳಿದ್ದೂ ತಪ್ಪು, ಆದರೆ ಸರಿದು ಕೂರಲು ಹೇಳಿದವರು ಹಿರಿಯಮ್ಮನೇ ತಾನೇ. ಅಷ್ಟು ಭಾಗ ನನ್ನದಲ್ಲ.

ಹೀಗೆ ಇನ್ನೆರಡು ವಾರ ಕಳೆದ ಮೇಲೆ, ಆ ಭಾಗವನ್ನು ಖಾತ್ರಿ ಮಾಡಿಕೊಳ್ಳಲೆಂದೇ ಮಾರ್ಕೆಟ್ ಹತ್ತಿರದ ಅಂಗಡಿಗೆ ಹೋದೆ. ನನ್ನ ಫೋನಿನಲ್ಲಿ ಜಾಗ ಸಾಲದೆ ಮೂಲ ರೆಕಾರ್ಡಿಂಗುಗಳನ್ನು ಅಳಿಸಿಬಿಟ್ಟಿದ್ದೆ.

“ಅಸಲಿ ಅದ ಮೇಡಂ,” ಎಂದರು ಅಂಗಡಿಯವರು. “ನಾವು ಶಾದಿ ಕೆಲಸದವರು, ಅಸಲಿ ಯಾವತ್ತೂ ಬಿಸಾಕಂಗಿಲ್ಲ. ಜಗಳ ಆದ ಮ್ಯಾಲ ಎಲ್ಲರೂ ಅದನ್ನೇ ಕೇಳ್ಕೋತ ಬರ್ತಾರ.”

ಕೇಳಿದೆ. ಮೊದಲು ಕೋಳಿಯ ಸದ್ದು, ಬಿಂದಿಗೆಯ ಸದ್ದು. ಕಿರಿಯಮ್ಮ ನನಗೆ ಕುಡಿಯಲು ನೀರು ತರಲು ಒಳಗೆ ಹೋಗಿದ್ದರು. ಆಗ ಒಂದು ದನಿ, ಮೆಲ್ಲಗೆ, ಬಹಳ ಮರ್ಯಾದೆಯಿಂದ: “ಯಾಡಿ, ಅವರಿಗಿ ಸ್ವಲ್ಪ ಹಿಂದ ಸರದು ಕುಂದರ್ಲಾಕ ಹೇಳ್ರಿ. ಅವರ ದನಿ ಮುಂದ ಬರ್ತದ.” ಆ ದನಿ ನನ್ನದು. ಕಿರಿಯಮ್ಮ ನೀರಿನ ಚೊಂಬು ಇಟ್ಟ ಸದ್ದು. ಹಿರಿಯಮ್ಮ: “ಸರದು ಕುಂದರು.” ನಾನು ನೀರು ಕುಡಿದ ಸದ್ದೂ ಅದರಲ್ಲಿದೆ.

ಅಂಗಡಿಯವರು ಬೇರೆ ಕಡೆ ನೋಡುತ್ತಿದ್ದರು. ಆ ವಾಕ್ಯ ನನ್ನ ನೆನಪಿನಲ್ಲಿ ಎಲ್ಲಿಯೂ ಇರಲಿಲ್ಲ. ಈಗಲೂ ಇಲ್ಲ. ರೆಕಾರ್ಡಿಂಗಿನಲ್ಲಿ ಕೇಳಿದ್ದು ಮಾತ್ರ ಇದೆ.

ಪೂರ್ತಿ ಕೇಳಿದ ಮೇಲೆ ಇನ್ನೊಂದು ತಿಳಿಯಿತು. ಕಿರಿಯಮ್ಮನ ಹೂಂ ಎಲ್ಲ ಕಡೆ ಬರುತ್ತಿರಲಿಲ್ಲ. ಉಪ್ಪಿನ ಕಥೆಯಲ್ಲಿ ಹಿರಿಯಮ್ಮ ಮುಂದಿನ ಎತ್ತು ಬಿಳಿದು ಎಂದಾಗ ಹೂಂ ಇಲ್ಲ. ಒಂದು ಗಳಿಗೆ ಮೌನ. ಆಮೇಲೆ ಕಿರಿಯಮ್ಮನ ದನಿ, ಕಪ್ಪು ಎಂದು. ಹಿರಿಯಮ್ಮ ಹಿಂದಕ್ಕೆ ಹೋಗಿ, ಕಪ್ಪು ಎತ್ತು ಎಂದು ಮತ್ತೆ ಹೇಳುತ್ತಾರೆ. ಆಗ ಹೂಂ. ನಾವು ಆ ಮೌನವನ್ನೂ, ಕಪ್ಪು ಎಂದದ್ದನ್ನೂ, ತಿರುಗಿ ಹೇಳಿದ್ದನ್ನೂ ಕತ್ತರಿಸಿ ತಪ್ಪಾದ ಬಿಳಿ ಎತ್ತನ್ನು ಉಳಿಸಿಕೊಂಡಿದ್ದೆವು. ನಮ್ಮ ಚಿತ್ರದಲ್ಲೂ ಎತ್ತು ಬೆಳ್ಳಗಿದೆ. ಅಷ್ಟರಲ್ಲಿ ಬೇರೆ ಜಿಲ್ಲೆಯ ಯಾರೋ ಆ ಕಥೆಯನ್ನು ಇಳಿಸಿಕೊಂಡು ವಿಡಿಯೋ ಮಾಡಿದ್ದರು. ಅದರಲ್ಲಿ ಬಿಳಿ ಎತ್ತು ಕತ್ತಿನ ಗಂಟೆ ಆಡಿಸುತ್ತ ಹೊಳೆ ದಾಟುತ್ತದೆ. ಅದನ್ನು ವಾಪಸು ಕರೆಯುವ ಹಕ್ಕು ನನಗಿಲ್ಲ. ಹಾಗೆಂದು ಬರೆದುಕೊಟ್ಟವಳೇ ನಾನು.

ಮರುದಿನ ತಾಂಡಾಕ್ಕೆ ಹೋದೆ. ಮಾಸ್ತರನ್ನು ಜೊತೆಗೆ ಕರೆದುಕೊಂಡೆ, ಒಬ್ಬಳೇ ಹೋಗುವ ಧೈರ್ಯವಿರಲಿಲ್ಲ. ಮೊದಲು ಕಿರಿಯಮ್ಮನ ಬಾಗಿಲು. ಮೂಲ ರೆಕಾರ್ಡಿಂಗ್ ಹಾಕಿ ಫೋನನ್ನು ಅವರ ಕೈಯಲ್ಲಿಟ್ಟೆ. ನನ್ನ ಮಾತು ಬಂದಾಗ ಅವರು ತಲೆ ಎತ್ತಿದರು.

“ಇದ ಯಾರ ದನಿ?”

“ನಂದೇ ರೀ.”

ಮುಂದೆ ಕೇಳಿದರು. ತಮ್ಮ ಹೂಂಗಳನ್ನು ಒಂದೊಂದಾಗಿ, ಸ್ವಲ್ಪ ಅನುಮಾನದಿಂದ ಕೇಳಿದರು. ಕಥೆ ಮುಗಿಯಿತು.

“ಮಷಿನ್ ಹಿಡದದಲ್ಲ.”

“ಹಿಡದಿತ್ರಿ. ನಾನೇ ತಗಸಿದೆ. ಗದ್ದಲ ಅಂತ ತಿಳದೆ.”

ಅವರು ಮಾಸ್ತರ ಕಡೆ ತಿರುಗಿದರು. “ಕೇಳ್ದೇನಪಾ? ನಾ ಗದ್ದಲಂತ. ನಾ ಈ ಮನಿಗಿ ಬಂದಾಗಿಂದ ಅಕಿ ಕಥಿ ನೆಟ್ಟಗ ನಡಸ್ಕೋತ ಬಂದೀನಿ. ಬಿಟ್ರ ಅಕಿ ಕತ್ತಿಗಿ ಕುದುರಿ ಅಂತಿದ್ದಳು.” ಮಾಸ್ತರು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದರು. ಕಿರಿಯಮ್ಮ ಫೋನನ್ನು ನನಗೆ ತಿರುಗಿ ಕೊಟ್ಟರು. “ಇದ ಅಕಿಗಿ ಹೇಳೀಯೇನ?”

“ಇನ್ನಾ ಇಲ್ರಿ.”

“ನನಗ ಮೊದಲ ಹೇಳ್ಲಾಕ ಬಂದಿ. ಬೈಸ್ಕೊಂಡಾಕಿ ಅಕಿ. ನಡಿ, ಹೋಗು.” ಒಳಗೆ ಹೋಗಿ ಪಾತ್ರೆ ತಂದು ಅಂಗಳದಲ್ಲಿ ತಿಕ್ಕುತ್ತ ಕೂತರು. ಕ್ಷಮಿಸಿ ಎಂಬ ಮಾತನ್ನು ನಾನು ಅವರ ಬೆನ್ನಿಗೆ ಹೇಳಿದೆ.

ಗೋಡೆ ಸುತ್ತಿ ಆ ಕಡೆ ಹೋದೆವು. ಹಿರಿಯಮ್ಮ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

“ನನಗ ಅವತ್ತೇ ಗೊತ್ತದ,” ಎಂದರು. “ಮಷಿನ್ ಹಿಡದಿಲ್ಲ ಅನ್ನೋವಾಗ ನನ್ನ ಕಡಿ ನೋಡ್ಲಿಲ್ಲ ನೀ. ಸರಸು ಅಂದಾಕಿನೂ ನೀನೇ.”

“ಮತ್ತ ಸುಮ್ಮ ಯಾಕ ಇದ್ರಿ ಯಾಡಿ?”

“ಮಕ್ಕಳು ಕುಂತಿದ್ವಲ್ಲ. ಅವುಕ್ಕ ಕಲಸ್ಲಾಕ ಬಂದಾಕಿಗಿ ಅವುರ ಮುಂದೇ ಸುಳ್ಳಿ ಅನ್ಲೇನ?” ಒಂದು ಹರಳು ತೆಗೆದು ಎಸೆದರು. “ಆಮ್ಯಾಲ ನೀನೇ ಬಂದು ಹೇಳ್ತಿ ಅಂತಿದ್ದೆ. ಭಾಳ ದಿನ ಮಾಡ್ದಿ.”

ನಾಲ್ಕು ವಾರ ನಳದ ಹತ್ತಿರ ಇಡೀ ತಾಂಡಾದ ಎದುರು ಬೈಸಿಕೊಂಡು, ಅವರು ಕಾಪಾಡಿದ್ದು ನನ್ನ ಮರ್ಯಾದೆಯನ್ನು. ನಾನು ಆ ನಾಲ್ಕು ವಾರ ಕುಸನೂರಿನಲ್ಲಿ ಕೂತು ಯಾರ ಭಾಗ ಎಷ್ಟು ಎಂದು ಅಳೆಯುತ್ತಿದ್ದೆ.

“ಅವರಿಗಿ ಕರೀಲೇನ್ರಿ?” ಎಂದು ಮಾಸ್ತರು ಕೇಳಿದರು.

“ನೀ ಕರದ್ರ ಬರ್ತಾಳೇನ ಅಕಿ? ನಾ ಅಂತೂ ಕರಿಯಂಗಿಲ್ಲ.” ಮೊರ ಪಕ್ಕಕ್ಕಿಟ್ಟರು. ಗೋಡೆಯ ಕಡೆ ನೋಡದೆ, ಆದರೆ ಗೋಡೆಯಾಚೆಗೆ ಕೇಳುವಷ್ಟು ಗಟ್ಟಿಯಾಗಿ, ಲಂಬಾಣಿಯಲ್ಲಿ ಏನೋ ಶುರು ಮಾಡಿದರು.

ನನಗೆ ಅರ್ಧ ಅರ್ಥವಾಯಿತು. ಮಾಸ್ತರು ಕಿವಿಯಲ್ಲಿ ಹೇಳಿದರು: “ಮುದುಕಿ ಮಗಳ ಊರಿಗಿ ಹೊಂಟಾಳಂತ್ರಿ. ಇದು ನಮ್ಮ ಹತ್ತನೇದು.” ಹಿರಿಯಮ್ಮ ನಿಂತರು. ಆಚೆ ಪಾತ್ರೆ ತಿಕ್ಕುವ ಸದ್ದು. ಅವರು ಹೂಂಗೆ ಕಾಯದವರಂತೆ ಇನ್ನೊಂದು ಮಾತು ಹೇಳಿದರು. ಮಾಸ್ತರ ಹುಬ್ಬು ಏರಿತು. “ದಾರ್ಯಾಗ ನರಿ ಸಿಗಬೇಕ್ರಿ. ಇಕಿ ಹುಲಿ ಅನ್ಲಾಕತ್ತಾಳ.”

ಪಾತ್ರೆಯ ಸದ್ದು ನಿಧಾನವಾಯಿತು. ಹಿರಿಯಮ್ಮ ಮತ್ತೊಂದು ಹೇಳಿದರು. ಮಾಸ್ತರು ಬಾಯಿಗೆ ಕೈ ಅಡ್ಡ ಹಿಡಿದರು. “ಮುದುಕಿ ಆ ಹುಲಿಗಿ ಬಾಳೆಹಣ್ಣ ಸುಲದು ಕೊಟ್ಟಳಂತ.” ಪಾತ್ರೆಯ ಸದ್ದು ನಿಂತಿತು. ಹಿರಿಯಮ್ಮ ಮಡಿಲಿಗೆ ಬಿದ್ದಿದ್ದ ತೊಗರಿ ಕಾಳುಗಳನ್ನು ಆರಿಸುತ್ತ ಕಾದರು.

ಗೋಡೆಯಾಚೆಯಿಂದ ಸಿಟ್ಟಿನ ಒಂದೇ ಶಬ್ದ ಬಂತು. ಆ ಶಬ್ದ ನನಗೆ ಗೊತ್ತಿತ್ತು: ನರಿ.

ಹಿರಿಯಮ್ಮ ನಗಲಿಲ್ಲ. ಹಿಂದಕ್ಕೆ ಹೋಗಿ, ಹುಲಿಯನ್ನು ತೆಗೆದು ನರಿಯನ್ನಿಟ್ಟು, ಆ ಮಾತನ್ನು ಮೊದಲಿನಿಂದ ಹೇಳಿ ನಿಲ್ಲಿಸಿದರು. ಆಚೆಯಿಂದ ಸಣ್ಣಗೆ, ಮನಸ್ಸಿಲ್ಲದ ಮನಸ್ಸಿನಿಂದ, ಹೂಂ ಬಂತು.

ನನ್ನ ಕೈ ಆಗಲೇ ಚೀಲದೊಳಗೆ ಹೋಗಿ ಫೋನನ್ನು ಹಿಡಿದಿತ್ತು. ಯಾವಾಗ ಹೋಯಿತೋ ನಾನು ಕಾಣೆ. ಹಿರಿಯಮ್ಮ ಅದನ್ನು ನೋಡಿದರು. ಬೈಯಲಿಲ್ಲ.

“ತಂಗಿ, ನಿನ್ನ ಬಸ್ಸಿಗಿ ಹೊತ್ತಾತು,” ಎಂದರು.

ಬಸ್ಸಿಗೆ ಇನ್ನೂ ಒಂದೂವರೆ ತಾಸು ಇತ್ತು. “ಹೌದ್ರಿ ಯಾಡಿ,” ಎಂದು ಎದ್ದೆ.